ಬೆರಳಿಗೆ ಅಂಟದ್ದು

ಅಪ್ಪ ಡೀಸೆಲ್ಲನ್ನು ಬೆರಳಲ್ಲಿ ಓದುತ್ತಿದ್ದ.
ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ತಿಕ್ಕಿ
ಮೂಗಿಗೆ ಹಿಡಿದು
"ಸೀಮೆಎಣ್ಣೆ ಬೆರೆಸಿದ್ದಾನೆ ಕಳ್ಳ" ಅಂದನೆಂದರೆ
ಕಸ್ಕವೆಲ್ಲಿಂದ ಪರನಗ್ವಾ ಬಂದರಿನವರೆಗೆ
ಆ ಬಂಕಿನ ಮಾನ ಹೋದ ಹಾಗೆಯೇ.

ನನಗೆ ತಿಕ್ಕಿ ನೋಡಲು ಏನೂ ಇಲ್ಲ.
ಕಂಪನಿಯ ಹೊಸ ಬಿಳಿ ಲಾರಿ,
ಕ್ಯಾಬಿನ್ನಿನ ಬೆನ್ನಿಗೆ ಆತುಕೊಂಡ ಉದ್ದುದ್ದ ಸಿಲಿಂಡರುಗಳು,
ಒಳಗೆ
ಒಡಿಲಾಳ ಹಂದಿಗಳ ಹೇಲಿನಿಂದ ಎದ್ದ ಗಾಳಿ.
ಬಂಕಿನ ಹುಡುಗ ಕೊಳವೆ ಸಿಕ್ಕಿಸುತ್ತಾನೆ.
ಕಸ್ಕವೆಲ್ ಅಂದರೆ ನಮ್ಮ ಮಾತಿನಲ್ಲಿ ಗಿಲಕಿ ಹಾವು;
ಊರ ಹೆಸರಿಗೆ ತಕ್ಕಂತೆ ಇಪ್ಪತ್ತು ನಿಮಿಷ ಬುಸುಗುಟ್ಟುತ್ತದೆ.
ಮುಗಿಯಿತು. ನೆಲಕ್ಕೆ ಒಂದು ಹನಿ ಬೀಳುವುದಿಲ್ಲ.

ಅಪ್ಪನ ಲಾರಿಯ ಬಂಪರಿನಲ್ಲಿ ಬರೆದಿತ್ತು:
"ಅತ್ತೆಯ ಬಾಯಿಗಿಂತ ನನ್ನ ಹೊಗೆ ವಾಸಿ."
ನನ್ನ ಬಂಪರು ಖಾಲಿ. ಕಂಪನಿಯ ನಿಯಮ.

ಒಂದು ಭಾನುವಾರ ಅವನನ್ನು ಒಡಿಲಾಳಲ್ಲಿಗೆ ಕರೆದೊಯ್ದೆ.
ಹೊಂಡದ ಮೇಲೆ ಕಪ್ಪು ರಬ್ಬರಿನ ಹೊದಿಕೆ,
ದಿನ ತುಂಬಿದವಳ ಹೊಟ್ಟೆಯಂತೆ ಬಿಗಿದುಕೊಂಡಿತ್ತು.
ಅಪ್ಪ ಬಗ್ಗಿ ಅಂಗೈ ಇಟ್ಟ. ಆಮೇಲೆ ಕಿವಿ.
"ಬೆಚ್ಚಗಿದೆ" ಅಂದ, ನನ್ನತ್ತ ನೋಡದೆ.
"ನಲವತ್ತು ವರ್ಷ ನಾನು ಸತ್ತದ್ದನ್ನು ಸುಟ್ಟೆ.
ನೀನು ಹೇತದ್ದನ್ನು ಸುಡುತ್ತೀಯ.
ಉದ್ಧಾರವಾದೆವು ಬಿಡು, ಜುಸಾರಾ."
ಒಡಿಲಾ ನಕ್ಕು ನಕ್ಕು ಬೇಲಿ ಹಿಡಿದುಕೊಂಡಳು.
ಕೆಳಗಿನ ತೊರೆಯಲ್ಲಿ ಒಗೆದ ಬಟ್ಟೆ
ಒಣಗಿದ ಮೇಲೂ ನಾರುತ್ತಿದ್ದ ಕಾಲ ಒಂದಿತ್ತಂತೆ.
ಈಗ ಮೊಮ್ಮಗ ಅಲ್ಲಿ ಮೀನು ಹಿಡಿಯುತ್ತಾನೆ,
ಹಿಡಿದು ಬಿಡುತ್ತಾನೆ.
ತಿನ್ನುವಷ್ಟು ನಂಬಿಕೆ ಇನ್ನೂ ಬಂದಿಲ್ಲ.

ನನಗೂ ಅಷ್ಟೇ.
ಹೊರುವುದು ಅದೇ ಸೋಯಾ,
ಅದು ಬೆಳೆದ ಹೊಲದಲ್ಲಿ ಮೊದಲಿದ್ದ ಅರೌಕಾರಿಯಾ ಮರಗಳನ್ನು
ಸಾಗಿಸಿದ್ದು ಅಪ್ಪನ ಲಾರಿ.
ಇಂಧನ ತೊಳೆದುಕೊಂಡಿತು, ಸರಿ,
ಹೊರೆ?

ಹೋದ ತಿಂಗಳು ನಡುರಾತ್ರಿ
ಗ್ವಾರಪ್ವಾವದ ಗ್ಯಾಸ್ ಬಂಕಿಗೆ ಸರಪಳಿ.
ಮಳೆಗೆ ನೆನೆದ ಹಾಳೆ: ಕಂಪ್ರೆಸರ್ ಕೆಟ್ಟಿದೆ.
ಮುಳ್ಳು ಕೆಂಪಿನಲ್ಲಿ. ಮುಂದಿನ ಏರಿನಲ್ಲಿ
ಲಾರಿ ಒಮ್ಮೆ ಕೆಮ್ಮಿ, ಸುಮ್ಮನಾಯಿತು.
ನಿಂತವನು ಒಬ್ಬನೇ, ಜೆನೇಸಿಯು,
ನನಗಿಂತ ಹಳೆಯ ಅವನ ನೀಲಿ ಲಾರಿ.
ಅದರ ಹೊಗೆಗೆ ನಾನೇ ಇಟ್ಟ ಅಡ್ಡಹೆಸರು ಕೇಳಿಯೂ
ಕಬ್ಬಿಣದ ಹಗ್ಗ ಬಿಗಿದ.
"ನಿನ್ನ ಹಂದಿಗಳಿಗೆ ಹಸಿವೋ?" ಅಂದ, ಅಷ್ಟೇ.
ಹನ್ನೆರಡು ಕಿಲೋಮೀಟರು
ಅವನ ಕರಿಹೊಗೆ ನನ್ನ ಗಾಜಿಗೆ ಬಡಿಯುತ್ತ ಬಂತು.
ವೈಪರು ಹಾಕಿದೆ. ಬಳಿದುಕೊಂಡಿತು.
ಹಣ ಮುಟ್ಟಲಿಲ್ಲ. ಒಂದು ಕಾಫಿ ಕುಡಿದ, ಸಕ್ಕರೆ ಜಾಸ್ತಿ.

ಗ್ಯಾಸ್ ತುಂಬಿದ ಟ್ರಕ್ಕು ಕಾದು, ತುಂಬಿಸಿಕೊಂಡು,
ಘಟ್ಟವಿಳಿದು ಕಡಲು ಮುಟ್ಟುವಾಗ ಮತ್ತೊಂದು ಬೆಳಗು.
ಬಂದರಿನ ಬೀದಿಯಲ್ಲಿ ಲಾರಿಗಳ ಸಾಲು, ತೆವಳುತ್ತ.
ಒಬ್ಬಾಕೆ ಕಿಟಕಿ ತೆರೆದು
ದಂಡೆಯ ಮೇಲೆ ಬೆರಳೆಳೆದಳು,
ನೋಡಿಕೊಂಡಳು: ಕಪ್ಪು.
ಆಮೇಲೆ ನನ್ನನ್ನು ನೋಡಿದಳು.
ನನ್ನದಲ್ಲ, ಅನ್ನೋಣವೆಂದು ಗಾಜು ಇಳಿಸಿದೆ.
ಹಿಂದೆ ಮುನ್ನೂರು ಲಾರಿ, ನಡುವೆ ಎಲ್ಲೋ ಜೆನೇಸಿಯು.
ಅನ್ನಲಿಲ್ಲ.

ಇಳಿದು ನಿಂತೆ. ಬಿಳಿ ಬಾನೆಟ್ಟಿನ ಮೇಲೆ
ಅವನ ಮಸಿ ಇನ್ನೂ ಹಾಗೇ ಇತ್ತು.
ಚಿಟಿಕೆ ತೆಗೆದು
ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ
ಮೂಗಿಗೆ ಹಿಡಿದೆ.

ಕಲಬೆರಕೆಯಿಲ್ಲ.
ಅಪ್ಪನಿಗೆ ಫೋನು ಮಾಡಿ ಹೇಳಬೇಕು.